ಈಚಲ ಮರಕ್ಕೆ ಬಿದ್ದ ಕೊಡಲಿ

1939ರ ಸೆಪ್ಟೆಂಬರ್ ತಿಂಗಳು. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಜನ ಕೊಡಲಿ ಹೆಗಲಿಗೇರಿಸಿಕೊಂಡು ಹೊರಟದ್ದು ಸೌದೆಗಲ್ಲ, ಈಚಲ ಮರ ಕಡಿಯಲಿಕ್ಕೆ. ಈಚಲ ಮರದಿಂದ ಹೆಂಡ, ಹೆಂಡದಿಂದ ಗುತ್ತಿಗೆ, ಗುತ್ತಿಗೆಯಿಂದ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಹಣ. ಈ ಸರಪಳಿಯನ್ನು ಬುಡದಲ್ಲೇ ಕಡಿದರೆ ಕುಡಿತವೂ ನಿಂತೀತು, ಸರ್ಕಾರಕ್ಕೂ ಬಿಸಿ ತಟ್ಟೀತು ಎಂಬುದು ಮೈಸೂರು ಕಾಂಗ್ರೆಸ್ಸಿನ ಲೆಕ್ಕ. ಮರ ಕಡಿಯುವುದು ಕಾನೂನಿನ ಕಣ್ಣಿಗೆ ಅಪರಾಧ. ಆ ಅಪರಾಧವನ್ನು ಹಾಡಹಗಲೇ ಮಾಡಿ ಜೈಲಿಗೆ ಹೋಗುವುದೇ ಸತ್ಯಾಗ್ರಹ. 1926ರಿಂದ ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ ಈ ಚಳವಳಿಯಲ್ಲಿ ಸೆರೆಮನೆ ಸೇರಿದರು. ಅವರ ವಕೀಲಿ ಸನ್ನದನ್ನೂ ಸರ್ಕಾರ ಕಿತ್ತುಕೊಂಡಿತು.

ಅದೇ ತಿಂಗಳ ಮೊದಲ ದಿನ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತ್ತು. ಮೂರನೆಯ ದಿನ ಬ್ರಿಟನ್ ಯುದ್ಧ ಸಾರಿತು. ಭಾರತದ ಒಬ್ಬ ಪ್ರತಿನಿಧಿಯನ್ನೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ. ತುರುವನೂರಿನಲ್ಲಿ ಕೊಡಲಿ ಬೀಸಿದವರ ಮನಸ್ಸಿನಲ್ಲಿ ಬರ್ಲಿನ್ ಇರಲಿಲ್ಲ, ಮಾಸ್ಕೋ ಇರಲಿಲ್ಲ. ಆದರೂ ಮುಂದಿನ ಆರು ವರ್ಷ ಆ ಊರುಗಳ ಜಗಳ ಈ ಬಯಲುಸೀಮೆಗೆ ಬರುತ್ತಲೇ ಇತ್ತು. ಬಂದದ್ದು ಮೂರು ಪದಗಳ ರೂಪದಲ್ಲಿ: ಸಮಾಜವಾದ, ಕಮ್ಯುನಿಸಂ, ಫ್ಯಾಸಿಸಂ.

ಬಂದ ದಾರಿಯ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಚಿತ್ರದುರ್ಗಕ್ಕೆ ರೈಲಿನಲ್ಲಿ ಹೋಗುವವರು ಬೆಂಗಳೂರಿಂದ ಬಂದರೂ ಹುಬ್ಬಳ್ಳಿಯಿಂದ ಬಂದರೂ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಇಳಿಯಲೇಬೇಕು. ಮೀಟರ್ ಗೇಜಿನ ದೊಡ್ಡ ಹಾದಿ ದಾವಣಗೆರೆ, ಹರಿಹರದ ಕಡೆಗೆ ಹೋದರೆ, ಕವಲು ಹಾದಿ ದುರ್ಗದ ಬಂಡೆಗಳ ಕಡೆಗೆ ತಿರುಗಿ ಅಲ್ಲೇ ಮುಗಿಯುತ್ತಿತ್ತು. ಊರು ಸಣ್ಣದು, ಜಂಕ್ಷನ್ ದೊಡ್ಡದು. ಜೈಲಿಗೆ ಹೋಗುವ ಸತ್ಯಾಗ್ರಹಿ, ಅವನನ್ನು ಕರೆದೊಯ್ಯುವ ಪೊಲೀಸು, ದಂಡಿಗೆ ಸೇರಲು ಹೊರಟ ಹುಡುಗ, ಬೆಂಗಳೂರಿನ ಪತ್ರಿಕೆಯ ಕಟ್ಟು ಯಾವುದೇ ಆಗಲಿ, ದುರ್ಗಕ್ಕೆ ರೈಲಿನ ದಾರಿ ಇದೊಂದೇ.

ಮೂರು ಪದಗಳಲ್ಲಿ ಕನ್ನಡ ಪೂರ್ತಿಯಾಗಿ ತನ್ನದು ಮಾಡಿಕೊಂಡದ್ದು ಮೊದಲನೆಯದನ್ನು ಮಾತ್ರ. ಕಮ್ಯುನಿಸಂಗೆ ‘ಸಮತಾವಾದ’ ಎಂದು ಕೆಲವರು ಬರೆದರೂ ಜನರ ಬಾಯಲ್ಲಿ ಅದು ಕಮ್ಯುನಿಸ್ಟ್ ಪಾರ್ಟಿಯಾಗಿಯೇ ಉಳಿಯಿತು. ಫ್ಯಾಸಿಸಂಗಂತೂ ಕನ್ನಡ ಹೆಸರೇ ಅಂಟಲಿಲ್ಲ. ಮೂಲದಲ್ಲಿ ಅದರ ಅರ್ಥ ಬಹಳ ಸರಳ. ಹಳೆಯ ರೋಮಿನ ಅಧಿಕಾರಿಗಳ ಮುಂದೆ ಸೇವಕರು ಬೆತ್ತಗಳ ಕಟ್ಟೊಂದನ್ನು ಹೊತ್ತು ನಡೆಯುತ್ತಿದ್ದರು. ಕಟ್ಟಿನ ನಡುವೆ ಒಂದು ಕೊಡಲಿ. ಬೆತ್ತ ಹೊಡೆಯಲಿಕ್ಕೆ, ಕೊಡಲಿ ತಲೆ ತೆಗೆಯಲಿಕ್ಕೆ. ಮುಸ್ಸೊಲಿನಿ ತನ್ನ ಪಕ್ಷಕ್ಕೆ ಆರಿಸಿಕೊಂಡ ಚಿಹ್ನೆ ಅದು. ರಷ್ಯದವರು ಕುಡುಗೋಲು, ಸುತ್ತಿಗೆ ಹಿಡಿದರು. ತುರುವನೂರಿನ ಕೊಡಲಿ ಯಾರ ಬಾವುಟದ ಮೇಲೂ ಇರಲಿಲ್ಲ. ಅದು ಹಿತ್ತಲ ಮೂಲೆಯಲ್ಲಿ ಸೌದೆ ಸೀಳಲು ಇಟ್ಟಿದ್ದ ಕೊಡಲಿ.

ಈ ಮೂರನ್ನೂ ಪಠ್ಯಪುಸ್ತಕಗಳು ಕೋಷ್ಟಕ ಹಾಕಿ ಹೋಲಿಸುತ್ತವೆ. ಆಸ್ತಿ ಯಾರದು, ಸರ್ಕಾರ ಯಾರದು, ವ್ಯಕ್ತಿಗೆ ಬೆಲೆ ಎಷ್ಟು ಎಂದು ಮೂರು ಕಂಬ ಹಾಕಿ ತುಂಬಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಅವು ಒಂದಕ್ಕೊಂದು ಶತ್ರುಗಳಾದದ್ದು ಆಸ್ತಿಯ ಪ್ರಶ್ನೆಯ ಮೇಲೆ ಮಾತ್ರವಲ್ಲ. ಜಗಳ ಶುರುವಾದದ್ದು ಒಂದು ಯುದ್ಧದಲ್ಲಿ, ಅದು ಯಾರ ಯುದ್ಧ ಎಂಬ ಪ್ರಶ್ನೆಯ ಮೇಲೆ.

1914ರ ಆಗಸ್ಟ್ 4ರಂದು ಜರ್ಮನಿಯ ಸಂಸತ್ತಿನಲ್ಲಿ ಸೋಷಲ್ ಡೆಮಾಕ್ರಟಿಕ್ ಪಕ್ಷ ಕೈಸರನ ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಅತಿ ದೊಡ್ಡ ಸಮಾಜವಾದಿ ಪಕ್ಷ ಅದು. ಕೂಲಿಕಾರನಿಗೆ ದೇಶವಿಲ್ಲ, ದೊರೆಗಳ ಯುದ್ಧದಲ್ಲಿ ನಾವು ಸಾಯುವುದಿಲ್ಲ ಎಂದು ವರ್ಷಗಟ್ಟಲೆ ಭಾಷಣ ಮಾಡಿದವರು ಒಂದೇ ವಾರದಲ್ಲಿ ದೇಶಭಕ್ತರಾದರು. ದೇಶ ಬಿಟ್ಟು ಹೊರಗಿದ್ದ ಲೆನಿನ್ ಇದನ್ನು ದ್ರೋಹವೆಂದ. ಮರುವರ್ಷ ಜಿಮ್ಮರ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಬೆರಳೆಣಿಕೆಯ ಜನರ ಸಭೆಯಲ್ಲಿ ಅವನು ಮುಂದಿಟ್ಟ ವಾದ ಇದು: ದೊರೆಗಳ ಈ ಯುದ್ಧವನ್ನು ದೊರೆಗಳ ಮೇಲಿನ ಯುದ್ಧವನ್ನಾಗಿ ತಿರುಗಿಸಬೇಕು. ಕಮ್ಯುನಿಸಂ ಸಮಾಜವಾದದಿಂದ ಬೇರೆ ಮನೆ ಹೂಡಿದ್ದಕ್ಕೆ ಮೊದಲ ಕಾರಣ ಈ ಜಗಳ. ಅತ್ತ ಇಟಲಿಯಲ್ಲಿ ಸಮಾಜವಾದಿ ಪಕ್ಷದ ಪತ್ರಿಕೆಯ ಸಂಪಾದಕನಾಗಿದ್ದವನು ಯುದ್ಧಕ್ಕೆ ಹೋಗಲೇಬೇಕು ಎಂದು ಬರೆದ. 1914ರ ನವೆಂಬರಿನಲ್ಲಿ ಪಕ್ಷ ಅವನನ್ನು ಹೊರಹಾಕಿತು. ಅವನ ಹೆಸರು ಬೆನಿಟೊ ಮುಸ್ಸೊಲಿನಿ. ಐದು ವರ್ಷದ ನಂತರ, 1919ರಲ್ಲಿ ಮಿಲಾನಿನಲ್ಲಿ ಅವನು ಕಟ್ಟಿದ ತಂಡವೇ ಮುಂದೆ ಫ್ಯಾಸಿಸ್ಟ್ ಪಕ್ಷವಾಯಿತು. ಒಂದೇ ಮನೆಯ ಮೂವರು ಒಂದೇ ಸಾವಿನ ಸುದ್ದಿಗೆ ಮೂರು ಬಗೆಯಲ್ಲಿ ನಡೆದುಕೊಂಡ ಹಾಗೆ.

ಹಾಗೆಂದು ಮೂರೂ ಒಂದೇ ಎಂದರೆ ತಪ್ಪಾಗುತ್ತದೆ. ಫ್ಯಾಸಿಸಂ ಮೊದಲು ತಿಂದದ್ದು ತನ್ನ ಹಳೆಯ ಮನೆಯವರನ್ನೇ. 1924ರಲ್ಲಿ ಇಟಲಿಯ ಸಮಾಜವಾದಿ ಸಂಸದ ಮತ್ತೆಯೊಟ್ಟಿಯನ್ನು ಮುಸ್ಸೊಲಿನಿಯ ಜನ ಅಪಹರಿಸಿ ಕೊಂದರು. ಜರ್ಮನಿಯಲ್ಲಿ 1933ರ ಮಾರ್ಚಿನಲ್ಲಿ ದಖಾವ್ ಶಿಬಿರ ತೆರೆದಾಗ ಅಲ್ಲಿಗೆ ತಂದು ಕೂಡಿದ ಮೊದಲ ಕೈದಿಗಳು ಕಮ್ಯುನಿಸ್ಟರು, ಬೆನ್ನಿಗೇ ಸೋಷಲ್ ಡೆಮಾಕ್ರಟರು. ಹಿಟ್ಲರನ ಪಕ್ಷದ ಹೆಸರಿನಲ್ಲೇ ಸಮಾಜವಾದ ಇತ್ತು ಎಂದು ಇಂದಿಗೂ ವಾದಿಸುವವರಿದ್ದಾರೆ. ಅಂಗಡಿ ಬೋರ್ಡಿನ ಮೇಲೆ ‘ಶುದ್ಧ ತುಪ್ಪ’ ಎಂದು ಬರೆದಿದ್ದರೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುವ ಜಾಣತನ ಸಂತೆಗೆ ಹೋಗುವ ಯಾವ ಹೆಂಗಸಿಗೂ ಇದೆ. 1933ರ ಮೇ 2ರಂದು ಆ ಪಕ್ಷ ದೇಶದ ಕಾರ್ಮಿಕ ಸಂಘಗಳ ಕಚೇರಿಗಳಿಗೆಲ್ಲ ನುಗ್ಗಿ ಬೀಗ ಜಡಿಯಿತು. ಕಾರ್ಖಾನೆಗಳು ಮಾತ್ರ ಮಾಲೀಕರ ಕೈಯಲ್ಲೇ ಉಳಿದವು.

ಯುದ್ಧ ಬಂದ ಮೇಲೆ ರೈತ, ಕೂಲಿಕಾರರಿಗೆ ಈ ವಾದಗಳ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ಭಾಷಣದಿಂದಲ್ಲ, ಕಣಜದಿಂದ. ರಷ್ಯದಲ್ಲಿ ಅಂತರ್ಯುದ್ಧದ ಕಾಲದಲ್ಲಿ, 1918ರಿಂದ 1921ರವರೆಗೆ, ಸರ್ಕಾರ ಹಳ್ಳಿಗಳಿಗೆ ಬಂದೂಕಿನವರನ್ನು ಕಳಿಸಿ ಧಾನ್ಯ ಹೊತ್ತೊಯ್ದಿತು. ‘ಯುದ್ಧ ಕಮ್ಯುನಿಸಂ’ ಎಂದೇ ಅದರ ಹೆಸರು. 1941ರಲ್ಲಿ ಜರ್ಮನರು ನುಗ್ಗಿದಾಗ ಅದೇ ಸರ್ಕಾರ ಆರು ತಿಂಗಳೊಳಗೆ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೇರಿಸಿ, ಉರಾಲ್ ಬೆಟ್ಟಗಳಾಚೆಗೆ ಸಾಗಿಸಿತು. ಖಾಸಗಿ ಮಾಲೀಕರಿದ್ದ ದೇಶಕ್ಕೆ ಇದು ಆಗುವ ಕೆಲಸವೇ ಎಂದು ಅಚ್ಚರಿಪಟ್ಟವರುಂಟು. ಅದೇ ಆಡಳಿತ ಒಂಬತ್ತು ವರ್ಷದ ಹಿಂದೆ ಉಕ್ರೇನಿನಲ್ಲಿ ಲಕ್ಷಾಂತರ ರೈತರನ್ನು ಹಸಿವಿಗೆ ದೂಡಿತ್ತು ಎಂದು ನೆನೆದವರೂ ಉಂಟು. ಎರಡೂ ನಿಜ. ಜರ್ಮನಿ ಬೇರೆ ದಾರಿ ಹಿಡಿಯಿತು. ತಾನು ಗೆದ್ದ ದೇಶಗಳಿಂದ ಆಳುಗಳನ್ನು ಹಿಡಿದು ತಂದು ದುಡಿಸಿತು. 1944ರ ಹೊತ್ತಿಗೆ ಅಲ್ಲಿ ಹೀಗೆ ದುಡಿಯುತ್ತಿದ್ದ ಪರದೇಶದವರು 70 ಲಕ್ಷಕ್ಕೂ ಮಿಕ್ಕಿದ್ದರು. ಬ್ರಿಟನ್ನಿನಲ್ಲಿ 1940ರ ಮೇ ತಿಂಗಳಿಂದ ಲೇಬರ್ ಪಕ್ಷ ಚರ್ಚಿಲನ ಸರ್ಕಾರದಲ್ಲಿ ಪಾಲುದಾರ. ಕಾರ್ಮಿಕ ಸಂಘದ ನಾಯಕ ಅರ್ನೆಸ್ಟ್ ಬೆವಿನ್ ಕಾರ್ಮಿಕ ಮಂತ್ರಿ. ಬಡವನಿಗೂ ಲಾರ್ಡಿಗೂ ಒಂದೇ ರೇಷನ್ ಪುಸ್ತಕ. 1942ರ ಡಿಸೆಂಬರಿನಲ್ಲಿ, ಯುದ್ಧದ ನಡುವೆಯೇ, ಕಾಯಿಲೆಗೆ, ನಿರುದ್ಯೋಗಕ್ಕೆ, ಮುಪ್ಪಿಗೆ ಸರ್ಕಾರವೇ ಹೊಣೆ ಎನ್ನುವ ಬೆವರಿಜ್ ವರದಿ ಹೊರಬಂತು. ಅದನ್ನು ಕೊಳ್ಳಲು ಲಂಡನ್ನಿನ ಜನ ಸಾಲು ನಿಂತರು.

ಮೈಸೂರು ಸಂಸ್ಥಾನ ಈ ಮೂರರಲ್ಲಿ ಯಾವುದೂ ಅಲ್ಲ. ಅರಸರು, ಅವರ ದಿವಾನರು, ಮೇಲೆ ಬ್ರಿಟಿಷ್ ರೆಸಿಡೆಂಟ್. ಆದರೂ ಯುದ್ಧ ಇಲ್ಲಿಯೂ ಸರ್ಕಾರವನ್ನು ಮನೆಯೊಳಗೆ ತಂದಿತು. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ಬಳಿಕ ಕನ್ನಡಿಗರ ಬಾಯಿಗೆ ಬಂದ ಮಾತುಗಳೇ ಆ ಕಾಲದ ಚರಿತ್ರೆ: ಲೆವಿ, ಕಂಟ್ರೋಲು, ರೇಷನ್ನು, ಪರ್ಮಿಟ್ಟು, ಕಾಳಸಂತೆ. ರೈತ ಬೆಳೆದದ್ದರಲ್ಲಿ ಇಷ್ಟು ಸರ್ಕಾರಕ್ಕೆ ಅಳೆಯಬೇಕು, ಸೀಮೆಎಣ್ಣೆಗೆ ಚೀಟಿ ಬೇಕು, ಬಟ್ಟೆಗೆ ಕಂಟ್ರೋಲು. ಜನ ಇದನ್ನು ಸಮಾಜವಾದ ಎಂದು ಕರೆಯಲಿಲ್ಲ, ಅಮಲ್ದಾರರ ಕಾಟ ಎಂದು ಕರೆದರು. ಆದರೆ ಮಾರುಕಟ್ಟೆಯ ಮೇಲೆ ಸರ್ಕಾರ ಕೈಯಿಟ್ಟರೆ ಹೇಗಿರುತ್ತದೆ ಎಂಬ ಮೊದಲ ಪಾಠವನ್ನು ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದ ರೈತ ಯಾವ ಕರಪತ್ರದಿಂದಲೂ ಓದಿ ಕಲಿಯಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಕಲಿತ. ಸ್ವಾತಂತ್ರ್ಯದ ನಂತರ ಸಮಾಜವಾದದ ಮಾತೆತ್ತಿದವರಿಗೆಲ್ಲ ಹಳ್ಳಿಗಳಲ್ಲಿ ಸಿಕ್ಕ ಅನುಮಾನದ ನೋಟಕ್ಕೆ ಈ ಲೆವಿಯ ನೆನಪೂ ಒಂದು ಕಾರಣವಿದ್ದೀತು.

ಯೋಜನೆ ಎಂಬ ಮಾತು ಮೈಸೂರಿಗೆ ಹೊಸದೂ ಅಲ್ಲ. ಹಳೆಯ ದಿವಾನ ಸರ್ ಎಂ. ವಿಶ್ವೇಶ್ವರಯ್ಯ 1934ರಲ್ಲೇ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದಿದ್ದರು. ಅವರು ಸಮಾಜವಾದಿಯಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸರ್ಕಾರದ್ದಾಗಿತ್ತು, ಯುದ್ಧಕಾಲದಲ್ಲಿ ಅದಕ್ಕೆ ಕೈತುಂಬ ಕೆಲಸ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ತೆರೆದರು. ಸರ್ಕಾರದ ಹಣ, ಸಾಹುಕಾರರ ಹಣ ಒಂದೇ ಗಾಡಿಗೆ ಕಟ್ಟಿದ ಜೋಡೆತ್ತು. ಇಂಥ ಕಡೆ ವಾದಗಳ ಗೆರೆ ಅಷ್ಟು ಸುಲಭಕ್ಕೆ ಎಳೆಯಲು ಬರುವುದಿಲ್ಲ.

ಇನ್ನು ಚಳವಳಿಯ ಒಳಗಿನವರ ಮಾತು. 1934ರಲ್ಲಿ ಕಾಂಗ್ರೆಸ್ಸಿನ ಹೊಟ್ಟೆಯೊಳಗೇ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಹುಟ್ಟಿತು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ಮುಂಚೂಣಿಯವರು. ಕಮ್ಯುನಿಸ್ಟ್ ಪಕ್ಷದ ಮೇಲೆ ಅದೇ ವರ್ಷ ನಿಷೇಧ ಬಿತ್ತು. ನಿಷೇಧಿತರು ಕೆಲವು ವರ್ಷ ಸೋಷಲಿಸ್ಟರ ಚಾವಣಿಯ ಕೆಳಗೇ ಕೆಲಸ ಮಾಡಿದರು. ಯುದ್ಧ ಶುರುವಾದಾಗ ಇಬ್ಬರ ಬಾಯಲ್ಲೂ ಒಂದೇ ಮಾತು: ಇದು ಸಾಮ್ರಾಜ್ಯಶಾಹಿಗಳ ಯುದ್ಧ, ನಾವು ಒಂದು ಪೈ ಕೊಡುವುದಿಲ್ಲ, ಒಬ್ಬ ಆಳನ್ನೂ ಕೊಡುವುದಿಲ್ಲ. ಕಮ್ಯುನಿಸ್ಟರಿಗೆ ಇನ್ನೊಂದು ಕಾರಣವೂ ಇತ್ತು. ಯುದ್ಧಕ್ಕೆ ವಾರದ ಹಿಂದೆ, 1939ರ ಆಗಸ್ಟ್ 23ರಂದು, ಸ್ಟಾಲಿನ್ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಅಲ್ಲಿಯವರೆಗೆ ಫ್ಯಾಸಿಸಂ ಕೊನೆಯ ಶತ್ರು ಎಂದು ಹೇಳುತ್ತಿದ್ದವರು ಆ ಮೇಲೆ ಅದರ ಹೆಸರು ಹೇಳುವುದನ್ನೇ ಕಡಿಮೆ ಮಾಡಿದರು.

1941ರ ಜೂನ್ 22ರಂದು ಹಿಟ್ಲರ್ ಆ ಒಪ್ಪಂದ ಹರಿದು ರಷ್ಯದ ಮೇಲೆ ಬಿದ್ದ. ಭಾರತದ ಕಮ್ಯುನಿಸ್ಟರು ಕೆಲವು ತಿಂಗಳು ಜೈಲಿನ ಒಳಗೂ ಹೊರಗೂ ವಾದ ಮಾಡಿ, ಕೊನೆಗೆ ಮಾತು ತಿರುಗಿಸಿದರು. ಈಗ ಇದು ಜನತಾ ಯುದ್ಧ. 1942ರ ಜುಲೈನಲ್ಲಿ ಸರ್ಕಾರ ಪಕ್ಷದ ನಿಷೇಧ ತೆಗೆಯಿತು. ಹದಿನೈದೇ ದಿನಕ್ಕೆ, ಆಗಸ್ಟ್ 8ರಂದು, ಬೊಂಬಾಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯ. ಕಾಂಗ್ರೆಸ್ಸಿನವರು, ಸೋಷಲಿಸ್ಟರು ಒಳಹೋದರು, ಕಮ್ಯುನಿಸ್ಟರು ಹೊರಬಂದರು. ಚಳವಳಿಗೆ ಬೆಂಬಲವಿಲ್ಲ, ಮುಷ್ಕರ ಬೇಡ, ಉತ್ಪಾದನೆ ಹೆಚ್ಚಿಸಿ ಎಂದರು. ಸುಭಾಷಚಂದ್ರ ಬೋಸರನ್ನು ಜಪಾನಿನ ಕೈಗೊಂಬೆಯಂತೆ ಅವರ ಪತ್ರಿಕೆ ವ್ಯಂಗ್ಯಚಿತ್ರ ಬರೆಯಿತು. ತಪ್ಪಾಯಿತು ಎಂದು ಪಕ್ಷ ಒಪ್ಪಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಆ ಗಾಯ ಮಾಯಲಿಕ್ಕೆ ಅದು ಸಾಲಲಿಲ್ಲ.

ಈ ತಿರುವಿನ ಬೆಲೆ ಏನು ಎಂದು ನೋಡಬೇಕಾದರೆ ಚಿತ್ರದುರ್ಗದ ಹೊಸದುರ್ಗ ಬಿಟ್ಟು ಇನ್ನೊಂದು ಹೊಸದುರ್ಗಕ್ಕೆ ಹೋಗಬೇಕು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಇಕ್ಕೇರಿ ನಾಯಕರು ಕಟ್ಟಿಸಿದ ಕೋಟೆಯ ಹೆಸರೂ ಹೊಸದುರ್ಗವೇ. ಅಲ್ಲಿಂದ ತೆಂಕಣಕ್ಕೆ, ಹೊಳೆಯ ದಂಡೆಯಲ್ಲಿ ಕಯ್ಯೂರು. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ. ಒಕ್ಕಲುಗಳು ನೀಲೇಶ್ವರದ ರಾಜರಂಥ ಜನ್ಮಿಗಳ ಭೂಮಿ ಉಳುತ್ತಿದ್ದರು, ಗೇಣಿಯ ಮೇಲೆ ಬಿಟ್ಟಿ ಕಾಣಿಕೆಗಳನ್ನೂ ಅಳೆಯುತ್ತಿದ್ದರು. ರೈತ ಸಂಘ ಅದರ ವಿರುದ್ಧ ಎದ್ದಿತ್ತು. ಮಲಬಾರಿನಲ್ಲಂತೂ ಕಾಂಗ್ರೆಸ್ ಸೋಷಲಿಸ್ಟ್ ಘಟಕ 1939ರ ಕೊನೆಗೆ ಇಡಿಯಾಗಿ ಕಮ್ಯುನಿಸ್ಟ್ ಪಕ್ಷವಾಗಿ ಮಾರ್ಪಟ್ಟಿತ್ತು. ಮಲಗುವಾಗ ಸಮಾಜವಾದಿ, ಏಳುವಾಗ ಕಮ್ಯುನಿಸ್ಟ್. ಕಯ್ಯೂರಿನ ರೈತನಿಗೆ ಇದರಿಂದ ಏನೂ ಬದಲಾಗಲಿಲ್ಲ. ಜನ್ಮಿ ಅವನೇ, ಗೇಣಿ ಅದೇ.

1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸುಬ್ಬರಾಯನ್ ಎಂಬ ಪೊಲೀಸ್ ಕಾನ್‌ಸ್ಟೇಬಲ್ ಎದುರಾದ. ಎರಡು ದಿನದ ಹಿಂದೆ ಊರಿನವರನ್ನು ಪೊಲೀಸರು ಬಡಿದಿದ್ದ ಸಿಟ್ಟು ಆರಿರಲಿಲ್ಲ. ಬಾವುಟ ಹಿಡಿದು ಮೆರವಣಿಗೆಯ ಮುಂದೆ ನಡೆ ಎಂದರು. ಅವನು ನಡೆದ, ಸ್ವಲ್ಪ ದೂರ ಹೋಗಿ ಬಾವುಟದ ಕೋಲಿನಿಂದಲೇ ಬಡಿದು ಓಡಿದ, ದಾರಿ ಕಾಣದೆ ಹೊಳೆಗೆ ಹಾರಿದ. ದಂಡೆಯಿಂದ ಕಲ್ಲು ಬಿದ್ದವು. ಅವನು ಮುಳುಗಿ ಸತ್ತ. ಮುಂದಿನದು ಪೊಲೀಸರ ಸರದಿ. ಅರವತ್ತಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ, ಐವರಿಗೆ ಮರಣದಂಡನೆ. ಒಬ್ಬ ಇನ್ನೂ ಹುಡುಗನೆಂದು ಬದುಕಿಕೊಂಡ. ಉಳಿದ ನಾಲ್ವರು, ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಅಬೂಬಕ್ಕರ್, 1943ರ ಮಾರ್ಚ್ 29ರಂದು ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದರು.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆ ನಾಲ್ವರು ಬೀದಿಗಿಳಿದಾಗ ಅವರ ಪಕ್ಷಕ್ಕೆ ಯುದ್ಧ ಸಾಮ್ರಾಜ್ಯಶಾಹಿಗಳದು, ಪಕ್ಷ ನಿಷೇಧಿತ. ಅವರು ಗಲ್ಲಿಗೇರುವಾಗ ಪಕ್ಷ ಕಾನೂನುಬದ್ಧ, ಯುದ್ಧ ಜನತೆಯದು, ಗಲ್ಲಿಗೇರಿಸಿದ ಸರ್ಕಾರ ಆ ಯುದ್ಧದಲ್ಲಿ ಮಿತ್ರ. ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ.ಸಿ. ಜೋಶಿ ಜೈಲಿಗೆ ಹೋಗಿ ಅವರನ್ನು ಕಂಡು ಬಂದರು. ಜೀವ ಉಳಿಸಲು ಮನವಿಗಳು ಹೋದವು. ಮಿತ್ರ ಸರ್ಕಾರ ಕಿವಿಗೊಡಲಿಲ್ಲ. ವಾದದ ಚಕ್ರ ಮಾಸ್ಕೋದಲ್ಲಿ ತಿರುಗಿತು, ಹಗ್ಗ ಮಾತ್ರ ಕಣ್ಣೂರಿನಲ್ಲಿ ಇದ್ದಲ್ಲೇ ಇತ್ತು.

ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಓದಿದ ಕುಳ್‌ಕುಂದದ ಶಿವರಾಯ ಎಂಬ ಕನ್ನಡದ ಹುಡುಗ ಈ ಸೀಮೆಯ ರೈತ ಹೋರಾಟವನ್ನು ಹತ್ತಿರದಿಂದ ಕಂಡಿದ್ದ. ಮುಂದೆ ನಿರಂಜನ ಎಂದು ಹೆಸರಾದ ಅವರು 1955ರಲ್ಲಿ ಕಯ್ಯೂರಿನ ಕಥೆಯನ್ನು ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆದರು. ಅಷ್ಟರಲ್ಲಿ ನಿರಂಜನ ಪಕ್ಷದಿಂದ ಹೊರಗಾಗಿದ್ದರು. ಪಕ್ಷ ಬಿಟ್ಟ ಮೇಲೂ ಆ ನಾಲ್ವರನ್ನು ಬಿಡಲಾಗದ್ದು ಗಮನಿಸಬೇಕಾದ ಸಂಗತಿ.

ಕಯ್ಯೂರಿನವರು ಗಲ್ಲಿಗೇರಿದ ಅದೇ 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜೈಲಿನಲ್ಲೂ ಗಲ್ಲಿನ ಹಗ್ಗ ಸಿದ್ಧವಾಗಿತ್ತು. ಶಿಕಾರಿಪುರದ ಈಸೂರು 1942ರ ಸೆಪ್ಟೆಂಬರಿನಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತ್ತು. ಹುಡುಗರಿಬ್ಬರು ಆ ಊರಿನ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಆದರು. ಸರ್ಕಾರದ ಅಸಲಿ ಅಮಲ್ದಾರ ಪೊಲೀಸರೊಂದಿಗೆ ಬಂದಾಗ ಗಲಾಟೆಯಾಗಿ ಅವರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು 1943ರ ಮಾರ್ಚಿನಲ್ಲಿ ಗಲ್ಲಿಗೇರಿದರು. ಏಪ್ರಿಲ್ 1ರಂದು ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದರು. ನಾಲ್ಕು ವಾರದೊಳಗೆ ಕನ್ನಡ ಸೀಮೆಯ ಮೂರು ಕಡೆ ಹನ್ನೆರಡು ಜೀವ. ಕಯ್ಯೂರಿನವರು ಕೆಂಪು ಬಾವುಟದವರು, ಈಸೂರಿನವರೂ ಮಹಾದೇವಪ್ಪನವರೂ ತ್ರಿವರ್ಣದವರು. ಆ ತಿಂಗಳು ಕೆಂಪು ಬಾವುಟದ ಪಕ್ಷ ತ್ರಿವರ್ಣದವರ ಚಳವಳಿಯನ್ನು ವಿರೋಧಿಸುತ್ತಿತ್ತು. ಸತ್ತವರೆಲ್ಲ ಮಾತ್ರ ಒಂದೇ ಸಾಮ್ರಾಜ್ಯದ ನೆರಳಲ್ಲಿ ಸತ್ತರು.

ಚಿತ್ರದುರ್ಗ ಜಿಲ್ಲೆಯೂ ಸುಮ್ಮನಿರಲಿಲ್ಲ. ಆಗ ಅದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ 1942ರ ಚಳವಳಿಯಲ್ಲಿ ಗೋಲಿಬಾರ್ ನಡೆದು ಜನ ಸತ್ತರು. ಮಲೇಬೆನ್ನೂರಿನಲ್ಲಿ ಹುಟ್ಟಿ, ದುರ್ಗದ ಕೋಟೆಯ ನೆರಳಲ್ಲಿ ಬೆಳೆದ ತ.ರಾ. ಸುಬ್ಬರಾಯ ಓದು ಬಿಟ್ಟು ಚಳವಳಿಗೆ ಇಳಿದು ಜೈಲು ಕಂಡರು. ಯುದ್ಧದ ಕೊನೆಯ ವರ್ಷಗಳಲ್ಲಿ ಅನಕೃ ಮುಂದಾಳಾಗಿ ಕಟ್ಟಿದ ಪ್ರಗತಿಶೀಲ ಸಾಹಿತ್ಯ ಚಳವಳಿಯಲ್ಲಿ ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಜೊತೆಗಾರರು. ಕಾಂಗ್ರೆಸ್ಸಿನ ಚಳವಳಿಯಲ್ಲಿ ಜೈಲು ಕಂಡು ಬಂದವರು, ಕಮ್ಯುನಿಸ್ಟ್ ಶಿಬಿರದಿಂದ ಬಂದವರು ಒಂದೇ ಚಾಪೆಯ ಮೇಲೆ ಕುಳಿತರು. ಪಕ್ಷಗಳಿಗೆ ಆಗದ್ದು ಕಾದಂಬರಿಕಾರರಿಗೆ ಸ್ವಲ್ಪ ದಿನವಾದರೂ ಆಯಿತು. ಆಮೇಲೆ ಅವರೂ ಜಗಳವಾಡಿಕೊಂಡರು, ಅದು ಬೇರೆ ಕಥೆ.

ಫ್ಯಾಸಿಸಂ ಮಾತ್ರ ಕನ್ನಡ ಸೀಮೆಗೆ ಪಕ್ಷವಾಗಿ ಬರಲಿಲ್ಲ, ಕೈದಿಯಾಗಿ ಬಂತು. ಉತ್ತರ ಆಫ್ರಿಕದಲ್ಲಿ ಸೋತು ಶರಣಾದ ಮುಸ್ಸೊಲಿನಿಯ ಸೈನಿಕರನ್ನು 1941ರಿಂದ ಬೆಂಗಳೂರಿನ ಶಿಬಿರಗಳಲ್ಲಿ ಸಾವಿರಗಟ್ಟಲೆ ತಂದಿರಿಸಿದರು. ಬೆತ್ತದ ಕಟ್ಟು, ಕೊಡಲಿಯ ಚಿಹ್ನೆಯ ಸಾಮ್ರಾಜ್ಯ ಜಾಲಹಳ್ಳಿಯ ತಂತಿಬೇಲಿಯೊಳಗೆ ಊಟದ ಗಂಟೆಗೆ ಕಾದು ಕುಳಿತಿತ್ತು. ಅತ್ತ 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನಿಯರ ಕೈಗೆ ಸಿಕ್ಕ ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರಲ್ಲಿ ಮೈಸೂರು ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ನೂ ಇತ್ತು. ಹೀಗೆ ಸೆರೆಸಿಕ್ಕ ಭಾರತೀಯರಲ್ಲಿ ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು, ಕೆಲವರು ಸೇರದೆ ಶಿಬಿರದಲ್ಲೇ ನರಳಿದರು.

ಆ ಫೌಜನ್ನು ಮುಂದೆ ನಡೆಸಿದ ಬೋಸರ ವಿಷಯದಲ್ಲಿ ಸುಲಭದ ತೀರ್ಪು ಕೊಡುವುದು ಕಷ್ಟ. 1935ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಭಾರತಕ್ಕೆ ಕಮ್ಯುನಿಸಂ, ಫ್ಯಾಸಿಸಂ ಎರಡರ ಸಾರ ಸೇರಿದ ಹೊಸ ದಾರಿ ಬೇಕೆಂಬ ಅರ್ಥದಲ್ಲಿ ಬರೆದಿದ್ದರು. ಮೂರು ವರ್ಷದ ನಂತರ ಅದಕ್ಕೆ ವಿವರಣೆ ಕೊಟ್ಟು, ಆಗ ಫ್ಯಾಸಿಸಂ ಇನ್ನೂ ತನ್ನ ಸಾಮ್ರಾಜ್ಯದಾಹ ತೋರಿಸಿರಲಿಲ್ಲ ಎಂದರು. 1936ರಲ್ಲಿ ರೋಮಿನ ಮೂಲಕ ಹಾದುಹೋಗುತ್ತಿದ್ದ ನೆಹರೂ ಮುಸ್ಸೊಲಿನಿಯ ಭೇಟಿಯ ಕರೆಯನ್ನು ನಿರಾಕರಿಸಿದ್ದರು. ಹಿಂದೂ ಮಹಾಸಭೆಯ ನಾಯಕ, ನಾಗಪುರದ ಬಿ.ಎಸ್. ಮೂಂಜೆ 1931ರಲ್ಲಿ ಅದೇ ಮುಸ್ಸೊಲಿನಿಯನ್ನು ಕಂಡು, ಅಲ್ಲಿನ ಬಾಲಕರ ಸೈನಿಕ ತರಬೇತಿ ಮೆಚ್ಚಿ ಬಂದಿದ್ದರು. ಆಳುವ ಬ್ರಿಟಿಷನ ಬೂಟು ಕಣ್ಣೆದುರಿಗಿದ್ದ ಜನಕ್ಕೆ ದೂರದ ಸರ್ವಾಧಿಕಾರಿಯ ಬೂಟು ಕಾಣುವುದು ಕಷ್ಟ. ಶತ್ರುವಿನ ಶತ್ರು ಮಿತ್ರ ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದಕ್ಕೆ ಜಪಾನಿಯರ ಕೈಯಲ್ಲಿ ಅಂಡಮಾನಿನ ಜನ ಪಟ್ಟ ಪಾಡೇ ಸಾಕ್ಷಿ.

ಯುದ್ಧ ಮುಗಿದ ಮೇಲೆ ಈ ಪದಗಳ ಮುಂದಿನ ಬಾಳು ಇನ್ನೂ ಸ್ವಾರಸ್ಯದ್ದು. 1942ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲಿಗೆ ಹೋಗಿದ್ದ ತೀರ್ಥಹಳ್ಳಿಯ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟರಾಗಿ 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹಕ್ಕೆ ಮುಂದಾದರು. ಬೆಂಬಲಕ್ಕೆ ಬಂದ ಲೋಹಿಯಾ ಅವರನ್ನು ಸಾಗರದ ರೈಲು ನಿಲ್ದಾಣದಲ್ಲೇ ಬಂಧಿಸಿದರು. ಹತ್ತಿ ಗಿರಣಿಗಳ ದಾವಣಗೆರೆ ಕಮ್ಯುನಿಸ್ಟರ ಊರಾಯಿತು; ಗಿರಣಿ ಕಾರ್ಮಿಕರ ನಾಯಕ ಪಂಪಾಪತಿ ಅಲ್ಲಿಂದ 1978, 1983, 1985ರಲ್ಲಿ ಮೂರು ಸಲ ಶಾಸಕರಾದರು. ತುರುವನೂರಿನ ಚಳವಳಿಗಾರ ನಿಜಲಿಂಗಪ್ಪ 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಚಿತ್ರದುರ್ಗದ ಮತದಾರರು ಸಮಾಜವಾದದ ಪರೀಕ್ಷೆಯನ್ನು ತಮ್ಮದೇ ರೀತಿಯಲ್ಲಿ ನಡೆಸಿದರು. 1957ರಲ್ಲಿ ಅವರು ಲೋಕಸಭೆಗೆ ಕಳಿಸಿದ್ದು ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮೊಹಮ್ಮದ್ ಇಮಾಂ ಅವರನ್ನು. ಹತ್ತು ವರ್ಷದ ಮೇಲೆ ಅದೇ ಇಮಾಂ ಅವರನ್ನು ಮತ್ತೆ ಗೆಲ್ಲಿಸಿದರು, ಈ ಸಲ ಸ್ವತಂತ್ರ ಪಕ್ಷದಿಂದ. ಸಮಾಜವಾದವನ್ನು ವಿರೋಧಿಸಲೆಂದೇ ರಾಜಾಜಿ ಕಟ್ಟಿದ ಪಕ್ಷ ಅದು. ನಡುವೆ 1962ರಲ್ಲಿ ಹೊಸದುರ್ಗದ ವಿಧಾನಸಭಾ ಕ್ಷೇತ್ರದಲ್ಲಿ ಇನ್ನೂ ದೊಡ್ಡ ಸುದ್ದಿಯಾಯಿತು. ಮತ್ತೆ ಮುಖ್ಯಮಂತ್ರಿಯಾಗಲು ಹೊರಟಿದ್ದ ನಿಜಲಿಂಗಪ್ಪನವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಅವರೆದುರು ಸೋತರು. ಎಸ್.ಆರ್. ಕಂಠಿ ಮೂರು ತಿಂಗಳು ಕುರ್ಚಿ ಕಾಯಬೇಕಾಯಿತು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಗೆದ್ದು ಬಂದು ಕೂತರು.

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ. ಅಧ್ಯಕ್ಷರು ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ಅದೇ ತಿಂಗಳ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು. ಮುಂದಿನ ಭಾಷಣಗಳಲ್ಲೆಲ್ಲ ಇಂದಿರಾ ಸಮಾಜವಾದಿ, ನಿಜಲಿಂಗಪ್ಪನವರು ಸಾಹುಕಾರರ ಕಡೆಯವರು. 1971ರ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನ ಕೂಟದಲ್ಲಿ ಸ್ವತಂತ್ರ ಪಕ್ಷ, ಜನಸಂಘದ ಜೊತೆಗೆ ಲೋಹಿಯಾ ಹಾದಿಯ ಸಂಯುಕ್ತ ಸೋಷಲಿಸ್ಟರೂ ಇದ್ದರು. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಇಪ್ಪತ್ತೇಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಚಿತ್ರದುರ್ಗದಲ್ಲಿ ಗೆದ್ದವರು ಕೊಂಡಜ್ಜಿ ಬಸಪ್ಪ.